ಬೆರಳು ತೆಗೆಯುವ ಮುಂಚೆ ಪಾದದ ನಾಡಿ ಹಿಡಿದು ನೋಡಿದ್ರಾ?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ
(ಉತ್ತರಿಸುವವರು: ರಾಯಚೂರಿನ ನಿವೃತ್ತ ಸರ್ಜನ್)

ಪ್ರಶ್ನೆ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗದ ಜಮೀನು. ಅಪ್ಪನಿಗೆ 58 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ, ಬೀಡಿ ಚಿಕ್ಕಂದಿನಿಂದಲೂ ಇದೆ. ಎರಡು ವರ್ಷದಿಂದ ಗದ್ದೆ ಬದುವಿನ ಮೇಲೆ ಸ್ವಲ್ಪ ದೂರ ನಡೆದರೂ ಎಡಗಾಲಿನ ಮೀನಖಂಡ ಹಿಡ್ಕೊಳ್ತಿತ್ತು, ನಿಂತರೆ ಬಿಡ್ತಿತ್ತು. ವಯಸ್ಸಾಯ್ತು ಅಂತ ಸುಮ್ಮನಿದ್ದೆವು. ಈಗ ಒಂದು ತಿಂಗಳಿಂದ ಹೆಬ್ಬೆರಳಿನ ಪಕ್ಕದ ಬೆರಳು ಕಪ್ಪಾಗಿದೆ. ರಾತ್ರಿ ಮಲಗೋಕಾಗದೆ ಮಂಚದಿಂದ ಕಾಲು ಇಳಿಬಿಟ್ಟು ಕೂತೇ ಬೆಳಗು ಮಾಡ್ತಾರೆ. ಒಂದು ಆಸ್ಪತ್ರೆಯಲ್ಲಿ ಬೆರಳು ತೆಗೆದುಬಿಡೋಣ ಅಂದರು. ಇನ್ನೊಂದು ಕಡೆ ಸಿ.ಟಿ. ಆಂಜಿಯೋ ಮಾಡಿಸಿ, ತೊಡೆಯ ನರ ಬ್ಲಾಕ್ ಆಗಿದೆ, ಬಲೂನ್ ಇಲ್ಲವೇ ಬೈಪಾಸ್ ಆಗಬೇಕು ಅಂದರು. ಬೈಪಾಸ್ ಅಂದರೆ ಹೃದಯಕ್ಕೆ ಮಾಡೋದಲ್ವಾ? ಕಾಲಿನ ನರ ಕಿತ್ತು ಕಾಲಿಗೇ ಹಾಕ್ತಾರಂತೆ. ಕಿತ್ತ ಜಾಗದ ಗತಿ ಏನು? ಅಪ್ಪ ಮಾತ್ರ ಬೆರಳೂ ಬೇಡ, ಆಪರೇಷನ್ನೂ ಬೇಡ ಅಂತ ಹಟ ಹಿಡಿದಿದ್ದಾರೆ.
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಉತ್ತರ: ತಮ್ಮಾ, ಪತ್ರಿಕೆ ಅಚ್ಚಾಗುವವರೆಗೆ ಕಾಯುವ ಕಾಲು ಇದಲ್ಲ ಅಂತ, ನಿಮ್ಮ ಪತ್ರ ಬಂದ ದಿನವೇ ಸಂಪಾದಕರಿಂದ ನಂಬರು ಪಡೆದು ನಿಮಗೆ ಫೋನ್ ಮಾಡಿದ್ದೆ. ಆಗ ಅವಸರದಲ್ಲಿ ಹೇಳಿದ್ದನ್ನೇ ಈಗ ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಕಾಲು ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿದೆ.

ಬೆರಳು ತೆಗೆಯುವುದು ಎರಡನೆಯ ಕೆಲಸ. ಮೊದಲನೆಯದು ಪಾದಕ್ಕೆ ರಕ್ತ ತರುವುದು. ಬೆರಳಿನಲ್ಲಿ ಕೀವಾಗಿ, ವಾಸನೆ ಬಂದು, ಜ್ವರ ಹತ್ತಿದ್ದರೆ ಮಾತು ಬೇರೆ. ಆಗ ಕೀವು ತೆಗೆಯಲು ಒಂದು ದಿನವೂ ತಡಮಾಡಬಾರದು. ನಿಮ್ಮಪ್ಪನ ಬೆರಳು ಒಣಗಿ ಕಪ್ಪಾಗಿದೆ ಅಂತ ಫೋನಿನಲ್ಲಿ ಹೇಳಿದಿರಿ. ಒಣಗಿದ ಬೆರಳು ಕೆಲವು ದಿನ ಕಾಯುತ್ತದೆ. ರಕ್ತ ಬಾರದ ಪಾದದಲ್ಲಿ ಕತ್ತರಿ ಹಾಕಿದರೆ ಆ ಗಾಯ ಮಾಯುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸರ್ಜರಿ ಓದುತ್ತಿದ್ದ ಕಾಲದಲ್ಲಿ ಅಕ್ಕಿ ಗಿರಣಿಯ ಹಮಾಲರೊಬ್ಬರು ಇದೇ ರೀತಿ ಕಪ್ಪು ಬೆರಳು ಇಟ್ಟುಕೊಂಡು ಬಂದರು. ಬೆರಳು ತೆಗೆದೆವು. ಗಾಯ ಕಪ್ಪಾಯಿತು. ಅರ್ಧ ಪಾದ ತೆಗೆದೆವು, ಅದೂ ಕಪ್ಪಾಯಿತು. ನಾಲ್ಕು ತಿಂಗಳಲ್ಲಿ ಮೊಣಕಾಲಿನ ಮೇಲಕ್ಕೆ ಬಂದೆವು. ಅಷ್ಟು ದಿನ ದಿನಾ ಡ್ರೆಸ್ಸಿಂಗ್ ಮಾಡಿದವನು ನಾನೇ. ಅವರ ಪಾದದ ನಾಡಿಯನ್ನು ಯಾರೂ ಹಿಡಿದು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಕ್ವಿಂಟಲ್ ಚೀಲ ಹೊತ್ತ ಮನುಷ್ಯ ಬಗಲಿಗೆ ಕೋಲು ಕೊಟ್ಟುಕೊಂಡು ವಾರ್ಡಿನಿಂದ ಹೊರಗೆ ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾಡಿ ನೋಡುವುದನ್ನು ನೀವೂ ಕಲಿಯಬಹುದು. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿನಿಂದ ನಾಲ್ಕು ಬೆರಳಿನಷ್ಟು ಮೇಲೆ, ಎರಡು ಬೆರಳು ಹಗುರವಾಗಿ ಇಡಿ. ಒತ್ತಬೇಡಿ, ಒತ್ತಿದರೆ ನಾಡಿ ಸಿಗುವುದಿಲ್ಲ. ಇನ್ನೊಂದು ಜಾಗ ಒಳಗಿನ ಹರಡಿನ ಮೂಳೆಯ ಹಿಂದೆ. ಎರಡೂ ಕಡೆ ಮಿಡಿತ ಸಿಗದಿದ್ದರೆ ಡಾಕ್ಟರು ಕೈಯ ಬಿ.ಪಿ.ಯ ಜೊತೆ ಹರಡಿನ ಬಿ.ಪಿ.ಯನ್ನೂ ಅಳೆದು, ಹರಡಿನದನ್ನು ಕೈಯದರಿಂದ ಭಾಗಿಸುತ್ತಾರೆ. 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದರ್ಥ, 0.4ಕ್ಕೆ ಇಳಿದರೆ ಕಾಲೇ ಅಪಾಯದಲ್ಲಿದೆ. ಬಹಳ ವರ್ಷದ ಶುಗರ್ ಇದ್ದವರಲ್ಲಿ ನಾಳಕ್ಕೆ ಸುಣ್ಣ ಕಟ್ಟಿ ಗಟ್ಟಿಯಾಗಿರುವುದರಿಂದ ಈ ಲೆಕ್ಕ ಸುಳ್ಳುಸುಳ್ಳೇ ಚೆನ್ನಾಗಿ ಬರುತ್ತದೆ. ಅಂಥವರಿಗೆ ಕಾಲ್ಬೆರಳಿನ ರಕ್ತದೊತ್ತಡ ಅಳೆಯಬೇಕು, ಡಾಪ್ಲರ್ (ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಸ್ಕ್ಯಾನ್) ಮಾಡಿಸಬೇಕು.

ನೀವು ಕೊನೆ ಭಾಗದ ರೈತರು, ನಿಮಗೆ ಬೇರೆ ಹೋಲಿಕೆ ಬೇಕಿಲ್ಲ. ಮೇಲೆ ನೀರು ಕಟ್ಟಿದರೆ ಮೊದಲು ಒಣಗುವುದು ಕೊನೆಯ ಗದ್ದೆ. ಬೆರಳೇ ಆ ಗದ್ದೆ. ತೊಡೆಯಲ್ಲಿ ಕಾಲುವೆ ಮುಚ್ಚಿದೆ. ಮೀನಖಂಡ ಹಿಡಿಯುತ್ತಿದ್ದಾಗ ನೀರು ಅರ್ಧಕ್ಕೆ ಇಳಿದಿತ್ತು: ಕೂತಾಗ ಸಾಲುತ್ತಿತ್ತು, ನಡೆದಾಗ ಸಾಲುತ್ತಿರಲಿಲ್ಲ. ಈಗ ಮಲಗಿದರೂ ಸಾಲುತ್ತಿಲ್ಲ. ಕಾಲು ಇಳಿಬಿಟ್ಟರೆ ರಕ್ತ ತನ್ನ ಭಾರಕ್ಕೇ ಚೂರು ಕೆಳಗೆ ಇಳಿಯುತ್ತದೆ, ಅದಕ್ಕೇ ಅಪ್ಪ ಮಂಚದ ಅಂಚಿನಲ್ಲಿ ಕೂಡುತ್ತಾರೆ. ರೋಗಿ ಹೀಗೆ ಕೂಡಲು ಶುರುಮಾಡಿದರೆ ವಾರಗಳ ಲೆಕ್ಕದಲ್ಲಿ ಓಡಬೇಕು.

ಇನ್ನು ನಿಮ್ಮ 'ನರ'ದ ಮಾತು. ನಮ್ಮ ಕಡೆ ನೋವು ತಿಳಿಸುವ ನರಕ್ಕೂ ನರ ಅನ್ನುತ್ತೇವೆ, ರಕ್ತ ಹರಿಯುವ ನಾಳಕ್ಕೂ ನರ ಅನ್ನುತ್ತೇವೆ. ಈ ಗೊಂದಲದಲ್ಲೇ ಎಷ್ಟೋ ಜನ ನರದ ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾರೆ. ಹೃದಯದಿಂದ ರಕ್ತ ತರುವುದು ಅಪಧಮನಿ. ಅಪ್ಪನಿಗೆ ಮುಚ್ಚಿರುವುದು ಅದು. ರಕ್ತವನ್ನು ವಾಪಸ್ ಒಯ್ಯುವುದು ಅಭಿಧಮನಿ. ಸರ್ಜನ್ ಬೈಪಾಸಿಗೆ ತೆಗೆಯುವುದು ಹರಡಿನಿಂದ ತೊಡೆಸಂದಿಯವರೆಗೆ ಚರ್ಮದ ಕೆಳಗೇ ಹೋಗುವ ಉದ್ದನೆಯ ಅಭಿಧಮನಿಯನ್ನು. ರಕ್ತ ವಾಪಸ್ ಹೋಗುವ ದೊಡ್ಡ ದಾರಿ ಆಳದಲ್ಲಿ ಬೇರೆಯೇ ಇದೆ. ಆದ್ದರಿಂದ ಕಿತ್ತ ಜಾಗಕ್ಕೆ ನಷ್ಟವಿಲ್ಲ. ಸ್ವಲ್ಪ ದಿನ ಬಾವು ಇರಬಹುದು, ಅಷ್ಟೆ. ಹೃದಯದ ಬೈಪಾಸಿಗೂ ಇದನ್ನೇ ಬಳಸುತ್ತಾರೆ. ಆದರೆ ಕಾಲಿನ ಬೈಪಾಸ್ ಹೃದಯದ್ದಕ್ಕಿಂತ ಹಳೆಯದು. 1948ರಲ್ಲಿ ಪ್ಯಾರಿಸಿನಲ್ಲಿ ಕುನ್ಲಿನ್ ಎಂಬ ಸರ್ಜನ್ ರೋಗಿಯ ಸ್ವಂತ ಅಭಿಧಮನಿಯಿಂದ ಇದನ್ನು ಮಾಡಿ ತೋರಿಸಿದರು.

ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಹೀಗೆ. ಆ ಅಭಿಧಮನಿಯನ್ನು ನಿಧಾನವಾಗಿ ಬಿಡಿಸಿ, ಅದರ ಕವಲುಗಳನ್ನೆಲ್ಲ ಒಂದೊಂದಾಗಿ ದಾರದಿಂದ ಕಟ್ಟುತ್ತೇವೆ. ಅದರೊಳಗೆ ಕವಾಟಗಳಿವೆ. ರಕ್ತ ಮೇಲಕ್ಕೆ ಮಾತ್ರ ಹೋಗಲಿ ಅಂತ ದೇವರು ಇಟ್ಟ ಬಾಗಿಲು ಅವು. ನಮಗೆ ಬೇಕಾದದ್ದು ಕೆಳಕ್ಕೆ ಹೋಗುವ ರಕ್ತ. ಅದಕ್ಕೆ ನಾಳವನ್ನೇ ತಲೆಕೆಳಗು ಮಾಡಿ ಹಾಕುತ್ತೇವೆ, ಇಲ್ಲವೇ ಕವಾಟಗಳನ್ನು ಒಳಗಿನಿಂದ ಕತ್ತರಿಸುತ್ತೇವೆ. ಮೇಲಿನ ತುದಿಯನ್ನು ತೊಡೆಸಂದಿಯ ಅಪಧಮನಿಗೆ, ಕೆಳಗಿನ ತುದಿಯನ್ನು ಬ್ಲಾಕ್ ಮುಗಿದ ಮೇಲಿನ ಒಳ್ಳೆಯ ಜಾಗಕ್ಕೆ, ತಲೆಗೂದಲಿನಷ್ಟು ಸಣ್ಣ ದಾರದಲ್ಲಿ ಹೊಲಿಯುತ್ತೇವೆ. ಮುಚ್ಚಿದ ನಾಳವನ್ನು ಮುಟ್ಟುವುದೇ ಇಲ್ಲ, ಅದರ ಪಕ್ಕದಲ್ಲಿ ಹೊಸ ಕಾಲುವೆ ತೋಡಿದಂತೆ. ರಕ್ತ ತಡೆದು ಹಿಡಿದಿದ್ದ ಕ್ಲ್ಯಾಂಪ್ ಬಿಟ್ಟ ಮೇಲೆ ನಾನು ಯಾವಾಗಲೂ ಹೊಲಿಗೆ ನೋಡುವ ಮೊದಲು ಪಾದ ಮುಟ್ಟುತ್ತಿದ್ದೆ. ಮಣ್ಣಿನ ಬಣ್ಣಕ್ಕೆ ತಿರುಗಿ ತಣ್ಣಗಿದ್ದ ಅಂಗಾಲು ಕೆಲವೇ ನಿಮಿಷಗಳಲ್ಲಿ ಬೆಚ್ಚಗಾಗಿ ಕೆಂಪೇರುತ್ತಿತ್ತು.

ಬಲೂನ್ ಇನ್ನೊಂದು ದಾರಿ. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ತಂತಿಯನ್ನು ಬ್ಲಾಕಿನ ಆಚೆ ದಾಟಿಸಿ, ಬಲೂನ್ ಉಬ್ಬಿಸಿ ದಾರಿ ಅಗಲ ಮಾಡುತ್ತಾರೆ, ಬೇಕಾದರೆ ದಾರಿ ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಜಾಲರಿ ನಳಿಗೆ ಇಡುತ್ತಾರೆ. ಇದರ ಹುಟ್ಟಿನ ಕಥೆಯನ್ನು ಅಪ್ಪನಿಗೆ ಓದಿ ಹೇಳಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಒಬ್ಬ ಅಜ್ಜಿ, ಪಾದ ಕೊಳೆಯುತ್ತಿದ್ದರೂ ಕಾಲು ತೆಗೆಯಲು ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ವೈದ್ಯರು ಅವರ ತೊಡೆಯ ನಾಳದೊಳಗೆ ಒಂದರ ಮೇಲೊಂದು ದಪ್ಪನೆಯ ನಳಿಗೆ ತೂರಿಸಿ ಕಿರಿದಾದ ಜಾಗ ಅಗಲ ಮಾಡಿದರು. ಪಾದ ಬೆಚ್ಚಗಾಯಿತು. ಆ ಅಜ್ಜಿ ಸಾಯುವವರೆಗೆ, ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ, ತನ್ನದೇ ಕಾಲಿನ ಮೇಲೆ ಓಡಾಡಿದರು. ಹಟ ಹಿಡಿದದ್ದು ಕಾಲು ತೆಗೆಯುವುದರ ವಿರುದ್ಧ, ಚಿಕಿತ್ಸೆಯ ವಿರುದ್ಧ ಅಲ್ಲ. ಅಪ್ಪನ ಹಟವೂ ಅಷ್ಟಕ್ಕೇ ಇರಲಿ. ಹತ್ತು ವರ್ಷದ ನಂತರ, 1974ರಲ್ಲಿ, ಜ್ಯೂರಿಕ್‌ನಲ್ಲಿ ಗ್ರುಂಟ್‌ಜಿಗ್ ಎಂಬವರು ನಳಿಗೆಯ ಬದಲು ಬಲೂನ್ ತಂದರು.

ಎರಡರಲ್ಲಿ ಯಾವುದು? ಸರ್ಜನ್ನರಿಗೆ ಕತ್ತಿಯ ಮೇಲೆ ಪ್ರೀತಿ ಇರುತ್ತದೆ ಅನ್ನುತ್ತಾರೆ, ಅದಕ್ಕೆ ನನ್ನ ಮಾತೊಂದನ್ನೇ ನಂಬಬೇಡಿ. 1,830 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಳ್ಳೆಯ ಅಭಿಧಮನಿ ಇದ್ದವರಿಗೆ ಬೈಪಾಸೇ ಮೇಲೆಂದು ಕಂಡಿತು. ಮರುವರ್ಷ ಬಂದ ಇನ್ನೊಂದರಲ್ಲಿ, ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಿಗೂ ಚಿಕಿತ್ಸೆ ಬೇಕಾದವರಿಗೆ ಬಲೂನ್ ಮೊದಲು ಮಾಡಿದ್ದೇ ಒಳ್ಳೆಯದಾಯಿತು. ನಿಮ್ಮಪ್ಪನಿಗೆ ಬ್ಲಾಕ್ ಇರುವುದು ತೊಡೆಯಲ್ಲಿ, ಉದ್ದವಾಗಿದೆ, ಹೃದಯ ಗಟ್ಟಿಯಿದೆ. ಅಭಿಧಮನಿಯನ್ನು ಡಾಪ್ಲರಿನಲ್ಲಿ ಅಳೆದಾಗ ಒಳ್ಳೆಯ ಅಗಲ ಇದ್ದರೆ ನಾನಾದರೆ ಬೈಪಾಸ್ ಮಾಡುತ್ತಿದ್ದೆ. ಅಭಿಧಮನಿ ಕೆಟ್ಟಿದ್ದರೆ, ಅಥವಾ ಹೃದಯ ಅರಿವಳಿಕೆ ತಡೆಯದಿದ್ದರೆ ಬಲೂನ್. ಕೃತಕ ನಳಿಗೆಯೂ ಇದೆ, ಮೊಣಕಾಲಿನ ಮೇಲೆ ನಡೆಯುತ್ತದೆ, ಕೆಳಗೆ ಬೇಗ ಮುಚ್ಚುತ್ತದೆ. 'ಅಭಿಧಮನಿ ಅಳೆದಿದ್ದೀರಾ?' ಅಂತ ನೀವೇ ಬಾಯಿಬಿಟ್ಟು ಕೇಳಿ. ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ, ಆಂಜಿಯೋದಲ್ಲಿ ನಾಳ ಕಾಣಲೆಂದು ಕೊಡುವ ಔಷಧ ಕಿಡ್ನಿಗೆ ಭಾರ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ತಪ್ಪು ಮಾಡಬೇಡಿ: ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡುವುದು, ಕಾಯಿಸಿದ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಇಡುವುದು. ಶುಗರಿನ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಒಂದು ರಾತ್ರಿಯ ಕಾವಿಗೆ ಅಂಗಾಲು ಬೊಕ್ಕೆ ಎದ್ದು ಬಂದವರನ್ನು ನೋಡಿದ್ದೇನೆ. ಹತ್ತಿಯ ಕಾಲುಚೀಲ ಸಾಕು. ಏಪ್ರಿಲ್ ಬಿಸಿಲಲ್ಲಿ ನಮ್ಮ ನೆಲದ ಮೇಲೆ ಬರಿಗಾಲಂತೂ ಬೇಡವೇ ಬೇಡ.

ದುಡ್ಡಿನ ಮಾತು. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಧಾರ್, ರೇಷನ್ ಕಾರ್ಡ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಕಂಡು, ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೇ ರೆಫರಲ್ ಬರೆಸಿಕೊಳ್ಳಿ. ಹೊಲ ಅಡವಿಟ್ಟ ಮೇಲೆ ಈ ಯೋಜನೆ ನೆನಪಾದರೆ ಏನು ಬಂತು.

ಬೀಡಿಯ ಬಗ್ಗೆ ಅಪ್ಪನಿಗೆ ನೇರವಾಗಿ: ಅಣ್ಣಾ, ಆಪರೇಷನ್ ಮಾಡುವವರು ಹೊಸ ದಾರಿ ಹಾಕಿಕೊಡಬಹುದು. ನೀವು ಸೇದುತ್ತಿದ್ದರೆ ಆ ದಾರಿಯೂ ಮುಚ್ಚುತ್ತದೆ, ಎರಡನೆಯ ಸಲ ಹಾಕಲು ಕಾಲಿನಲ್ಲಿ ನಾಳ ಉಳಿದಿರುವುದಿಲ್ಲ. ಆಸ್ಪಿರಿನ್, ಕೊಬ್ಬು ಇಳಿಸುವ ಮಾತ್ರೆ ಜೀವನಪೂರ್ತಿ. ನಡುವೆ ಬಿಡುವಂತಿಲ್ಲ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ವಿನೆಗರ್ ಕುದಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಅಂತ ಮೊಬೈಲಿನಲ್ಲಿ ಬರುತ್ತಿದೆ. ಆಪರೇಷನ್ ತಪ್ಪಿಸಬಹುದೇ?
– ಓದುಗರು, ಲಿಂಗಸುಗೂರು

ಉತ್ತರ: ಕರಗುವುದಿಲ್ಲ. ಕಾಲುವೆಯ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಕಾಲುವೆಯ ಹೂಳು ನೀರಿನ ತಳದಲ್ಲಿ ಕೂತಿರುತ್ತದೆ, ಬ್ಲಾಕ್ ಕೂತಿರುವುದು ನಾಳದ ಗೋಡೆಯೊಳಗೆ. ಕುಡಿದದ್ದು ಅದನ್ನು ತೊಳೆದುಕೊಂಡು ಹೋಗಲಾರದು. ಮೀನಖಂಡ ಹಿಡಿಯುವುದು ಮಾತ್ರ ಇದ್ದು, ಗಾಯ, ರಾತ್ರಿ ನೋವು ಇಲ್ಲದಿದ್ದರೆ ಆಪರೇಷನ್ ತಪ್ಪಿಸುವ ದಾರಿ ಇದೆ: ನಡಿಗೆ. ನೋವು ಬರುವವರೆಗೆ ನಡೆಯಿರಿ, ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ. ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ಜೊತೆಗೆ ಡಾಕ್ಟರು ಕೊಟ್ಟ ಮಾತ್ರೆ.

ಪ್ರಶ್ನೆ: ಅವ್ವನಿಗೆ 64. ಹೋದ ವಾರ ಎಡಗಣ್ಣಿಗೆ ಪರದೆ ಇಳಿದಂತಾಗಿ ಐದು ನಿಮಿಷ ಕಾಣಲಿಲ್ಲ. ಎರಡು ದಿನ ಬಿಟ್ಟು ಬಲಗೈಯಿಂದ ರೊಟ್ಟಿ ಜಾರಿಬಿತ್ತು. ಈಗ ಆರಾಮಿದ್ದಾರೆ. ಸ್ಕ್ಯಾನಿನಲ್ಲಿ ಕುತ್ತಿಗೆಯ ಎಡ ರಕ್ತನಾಳ ಶೇ. 75 ಕಿರಿದಾಗಿದೆ ಅಂತಿದೆ. ಆರಾಮಿದ್ದವರಿಗೆ ಕುತ್ತಿಗೆ ಕೊಯ್ಯೋದು ಯಾಕೆ?
– ಓದುಗರು, ಕೊಪ್ಪಳ

ಉತ್ತರ: ತಂಗಿ, ಅದು ಎಚ್ಚರಿಕೆಯ ಗಂಟೆ. ಎಡ ನಾಳದಿಂದ ಚೂರು ಸಿಡಿದು ಎಡಗಣ್ಣಿಗೂ, ಬಲಗೈ ಆಳುವ ಎಡ ಮೆದುಳಿಗೂ ಹೋಗಿ ಕರಗಿದೆ. ಮುಂದಿನ ಚೂರು ಕರಗದಿದ್ದರೆ ಪಾರ್ಶ್ವವಾಯು. 1991ರ ಅಮೆರಿಕ–ಕೆನಡಾದ ಅಧ್ಯಯನದಲ್ಲಿ, ಇಂಥ ಲಕ್ಷಣವಿದ್ದು ನಾಳ ಶೇ. 70ಕ್ಕಿಂತ ಹೆಚ್ಚು ಕಿರಿದಾಗಿದ್ದವರಿಗೆ ಬರೀ ಮಾತ್ರೆ ಕೊಟ್ಟಾಗ ಎರಡು ವರ್ಷದೊಳಗೆ ನೂರರಲ್ಲಿ 26 ಜನಕ್ಕೆ ಅದೇ ಬದಿಯ ಮೆದುಳಿಗೆ ಪಾರ್ಶ್ವವಾಯು ಹೊಡೆಯಿತು. ಆಪರೇಷನ್ ಆದವರಲ್ಲಿ 9 ಜನಕ್ಕೆ. ಲಕ್ಷಣ ಕಂಡ ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು. ನೀವು ಆಗಲೇ ಒಂದು ವಾರ ಕಳೆದಿದ್ದೀರಿ.

ನಾಳವನ್ನು ಉದ್ದಕ್ಕೆ ತೆರೆದು, ಗೋಡೆಗೆ ಅಂಟಿದ ಹಳದಿ ಗಟ್ಟಿಯನ್ನು ಸಿಪ್ಪೆ ಬಿಡಿಸಿದಂತೆ ಎಬ್ಬಿಸಿ ತೆಗೆದು, ತೇಪೆ ಹಾಕಿ ಹೊಲಿಯುತ್ತಾರೆ. ಕೆಲವರು ಕುತ್ತಿಗೆ ಮಾತ್ರ ಮರಗಟ್ಟಿಸಿ ಮಾಡುತ್ತಾರೆ. ರೋಗಿಯ ಕೈಗೆ ಒತ್ತಿದರೆ ಕೀಚ್ ಅನ್ನುವ ಮಕ್ಕಳ ಆಟಿಕೆ ಕೊಟ್ಟಿರುತ್ತಾರೆ. ಆಗಾಗ ಒತ್ತಲು ಹೇಳುತ್ತಾರೆ. ಸದ್ದು ನಿಂತರೆ ಮೆದುಳಿಗೆ ರಕ್ತ ಸಾಲುತ್ತಿಲ್ಲ ಅಂತ ತಕ್ಷಣ ಒಂದು ನಳಿಗೆ ಇಟ್ಟು ಹರಿವು ಕೊಡುತ್ತಾರೆ. ಇಂಥ ಆಪರೇಷನ್ನನ್ನು ಆಗಾಗ ಮಾಡುವ ಸರ್ಜನ್ ಹತ್ತಿರವೇ ಹೋಗಿ. ಆಸ್ಪಿರಿನ್ ನಿಲ್ಲಿಸಬೇಡಿ. ಮತ್ತೆ ಮಾತು ತೊದಲಿದರೆ, ಬಾಯಿ ವಾರೆಯಾದರೆ ಗಡಿಯಾರ ನೋಡಿ, ಗಾಡಿ ಹತ್ತಿಸಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ.

ಪ್ರಶ್ನೆ: ನನಗೆ 34, ಲಾರಿ ಓಡಿಸ್ತೀನಿ. ಶುಗರ್, ಬಿ.ಪಿ. ಇಲ್ಲ. ಬೀಡಿ ದಿನಕ್ಕೆ ಎರಡು ಕಟ್ಟು. ಎರಡೂ ಪಾದದ ಬೆರಳಲ್ಲಿ ಹುಣ್ಣು. ಬರ್ಜರ್ ಕಾಯಿಲೆ, ಬೈಪಾಸ್ ಆಗಲ್ಲ ಅಂದರು. ಯಾಕೆ ಆಗಲ್ಲ?
– ಓದುಗರು, ಬಳ್ಳಾರಿ

ಉತ್ತರ: ಹೊಸ ಕಾಲುವೆಯ ಕೆಳತುದಿ ಒಂದು ಒಳ್ಳೆಯ ನಾಳಕ್ಕೆ ಸೇರಬೇಕಲ್ಲ ತಮ್ಮಾ. ಈ ಕಾಯಿಲೆಯಲ್ಲಿ ಮುಚ್ಚುವುದು ಪಾದದ, ಕೈಯ ಸಣ್ಣ ನಾಳಗಳು, ಹೊಲಿಯಲು ಜಾಗವೇ ಇರುವುದಿಲ್ಲ. ಆದರೆ ಇದು ತಂಬಾಕಿನಿಂದಲೇ ಉರಿಯುವ ಕಾಯಿಲೆ. ತಂಬಾಕು ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ. ದಿನಕ್ಕೆ ಒಂದೇ ಬೀಡಿ, ಬೀಡಿ ಬದಲು ಗುಟ್ಕಾ, ಖೈನಿ – ಯಾವುದೂ ನಡೆಯುವುದಿಲ್ಲ. ನಿಮ್ಮ ಕಾಯಿಲೆಗೆ ನಿಕೋಟಿನ್ ಗಮ್ ಕೂಡ ಒಳ್ಳೆಯದಲ್ಲ. ಬೇರೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ. 1800-11-2356ಕ್ಕೆ ಫೋನ್ ಮಾಡಿದರೆ ತಂಬಾಕು ಬಿಡಲು ಪುಕ್ಕಟೆ ಸಲಹೆ ಸಿಗುತ್ತದೆ. ಕ್ಯಾಬಿನ್ನಿನಲ್ಲಿ ಕ್ಲೀನರ್ ಸೇದಿದರೂ ನಿಮಗೆ ಅದು ವಿಷ, ಅವನಿಗೂ ಹೇಳಿ. ಬಿಟ್ಟ ದಿನಾಂಕ ಬರೆದಿಟ್ಟುಕೊಂಡು, ಒಂದು ತಿಂಗಳಾದ ಮೇಲೆ ಹುಣ್ಣು ಹೇಗಿದೆ ಅಂತ ನನಗೆ ಇದೇ ವಿಳಾಸಕ್ಕೆ ಬರೆಯಿರಿ.