ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳುವಾಗ ಮೋಸ ಹೋಗದಿರಲು ಏನು ನೋಡಬೇಕು?

ತಮ್ಮನಿಗಾಗಿ ಆನ್‌ಲೈನ್‌ನಲ್ಲಿ ಒಂದು ಹಳೆ ಫೋನ್ ನೋಡಿದ್ದೀರಿ, ಫೋಟೊದಲ್ಲಿ ಒಂದು ಗೀರೂ ಕಾಣುತ್ತಿಲ್ಲ, ತಗೊಳ್ಳಬಹುದಾ ಅಂತ ಕೇಳಿದ್ದೀರಿ. ತಗೊಳ್ಳಬಹುದು. ಆದರೆ ಗೀರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಕಣ್ಣಿಗೆ ಕಾಣುತ್ತದೆ. ಆ ಫೋನ್ ಹಳೆ ಮಾಲೀಕರಿಂದ ನಿಜವಾಗಿ ಬಿಡಿಸಿಕೊಂಡು ಬಂದಿದೆಯಾ ಅನ್ನೋದು ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ.

ನಾನು ಮೊದಲ ಸಲ ತಗೊಂಡ ಹಳೆ ಫೋನ್ ಕೊರಿಯರ್‌ನಲ್ಲಿ ಬಂತು. ಹೊಸದರಂತೆ ಫಳಫಳ ಅನ್ನುತ್ತಿತ್ತು. ಆನ್ ಮಾಡಿ, ಭಾಷೆ ಆರಿಸಿ, ವೈಫೈ ಪಾಸ್‌ವರ್ಡ್ ಹಾಕಿದೆ. ಒಂದು ನಿಮಿಷ ಸುತ್ತಿ, ಹಳೆಯ ಪ್ಯಾಟರ್ನ್ ಹಾಕು ಅಂತ ಕೇಳಿತು. ಅದು ಗೊತ್ತಿಲ್ಲದಿದ್ದರೆ ಈ ಫೋನಿನಲ್ಲಿ ಮೊದಲಿದ್ದ ಗೂಗಲ್ ಅಕೌಂಟ್‌ನಿಂದ ಲಾಗಿನ್ ಆಗಬೇಕಂತೆ. ಮಾರಿದವರಿಗೆ ಮೆಸೇಜ್ ಹಾಕಿದೆ. "ನೋಡ್ತೀನಿ" ಅಂದರು. ಮರುದಿನ ಅವರ ಪ್ರೊಫೈಲೇ ಇರಲಿಲ್ಲ. ಫೋನ್ ಮಾತ್ರ ಇವತ್ತಿಗೂ ನನ್ನ ಮೇಜಿನ ಡ್ರಾಯರ್‌ನಲ್ಲಿ ಬಿದ್ದಿದೆ.

ಹಳೆ ಅಕೌಂಟ್ ಕೇಳುವ ಈ ಬೀಗ ಇರೋದು ಕಳ್ಳರನ್ನು ತಡೆಯೋಕೆ. ಐಫೋನ್‌ಗೆ 2013ರಲ್ಲಿ ಐಒಎಸ್ 7 ಜೊತೆ ಬಂತು, ಆಂಡ್ರಾಯ್ಡ್‌ಗೆ 2015ರಲ್ಲಿ 5.1 ಜೊತೆ. ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ, ಬೀಗ ಹಾಗೇ ಉಳಿಯುತ್ತದೆ. ಹಾಗಾಗಿ "ರೀಸೆಟ್ ಮಾಡಿಯೇ ಕೊಡ್ತೀನಿ" ಅನ್ನೋ ಮಾತಿಗೆ ಸಮಾಧಾನ ಆಗಬೇಡಿ. ಸಾಧ್ಯವಿದ್ದರೆ ಜನ ಓಡಾಡುವ ಜಾಗದಲ್ಲಿ ಎದುರುಬದುರು ಭೇಟಿಯಾಗಿ. ಅವರು ನಿಮ್ಮ ಮುಂದೆಯೇ ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಅಕೌಂಟ್ ತೆಗೆಯಲಿ, ಐಫೋನ್ ಆದರೆ ಕಳೆದ ಫೋನ್ ಹುಡುಕುವ 'ಫೈಂಡ್ ಮೈ' ಆಫ್ ಮಾಡಲಿ. ಆಮೇಲೆ ರೀಸೆಟ್. ನಂತರ ನಿಮ್ಮ ಸಿಮ್, ನಿಮ್ಮ ಅಕೌಂಟ್ ಹಾಕಿ, ಹೋಮ್ ಸ್ಕ್ರೀನ್ ಬರೋವರೆಗೂ ಕಾಯಿರಿ. ಒಂದು ಕಾಲ್ ಮಾಡಿ ನೋಡಿ. ದುಡ್ಡು ಕೊಡೋದು ಅದಾದ ಮೇಲೆ. ನಡುವೆ ಎಲ್ಲಾದರೂ 'ಈ ಫೋನ್ ಒಂದು ಸಂಸ್ಥೆಯ ನಿರ್ವಹಣೆಯಲ್ಲಿದೆ' ಅಂತ ಬಂದರೆ ಅದು ಯಾವುದೋ ಕಂಪನಿಯ ಫೋನ್. ಅಲ್ಲಿಗೇ ಬಿಟ್ಟು ಎದ್ದು ಬನ್ನಿ.

ಈಗಾಗಲೇ ಬೀಗ ಬಿದ್ದ ಐಫೋನ್ ಕೈಗೆ ಬಂದಿದೆ ಅಂತ ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆ ಮಾಲೀಕರು ದೂರದಿಂದಲೇ ಐಕ್ಲೌಡ್ ಸೈಟ್‌ಗೆ ಹೋಗಿ ಆ ಫೋನನ್ನು ತಮ್ಮ ಅಕೌಂಟ್‌ನಿಂದ ತೆಗೆಯಬಹುದು. ಅವರು ಮರೆತಿದ್ದಷ್ಟೇ ಆದರೆ ಐದು ನಿಮಿಷದ ಕೆಲಸ.

ಇನ್ನು ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್. *#06# ಒತ್ತಿದರೆ 15 ಅಂಕಿ ಬರುತ್ತದೆ. ಎರಡು ಸಿಮ್ ಇದ್ದರೆ ಎರಡು ನಂಬರ್. ಅದು ಬಾಕ್ಸ್ ಮೇಲೂ ಬಿಲ್ಲಿನಲ್ಲೂ ಇರೋದಕ್ಕೆ ಒಂದೊಂದು ಅಂಕಿಯೂ ಹೊಂದಬೇಕು. ಕಳುವಾಗಿದೆ ಅಂತ ದೂರು ಹೋದ ಫೋನನ್ನು ಈ ನಂಬರ್ ಹಿಡಿದೇ ಬ್ಲಾಕ್ ಮಾಡೋದು. ಆಗ ವೈಫೈ ಓಡುತ್ತದೆ, ಕಾಲ್ ಹೋಗುವುದಿಲ್ಲ. ಇವತ್ತು ಸರಿಯಿದ್ದದ್ದು ಮುಂದಿನ ತಿಂಗಳು ಬ್ಲಾಕ್ ಆಗಲೂಬಹುದು, ಅದಕ್ಕೇ ಬಿಲ್ ಬೇಕು ಅಂತ ಹಟ ಹಿಡಿಯಿರಿ. ಕಂತು ಬಾಕಿ ಇದೆಯಾ ಅಂತಲೂ ಬಾಯಿಬಿಟ್ಟು ಕೇಳಿ.

"ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ, ಅಡ್ವಾನ್ಸ್ ಹಾಕಿಬಿಡಿ" ಅಂದರೆ ಆ ನಾಲ್ಕು ಜನಕ್ಕೇ ಕೊಡಲಿ ಬಿಡಿ. ಕೊರಿಯರ್‌ನಲ್ಲೇ ತರಿಸಬೇಕಾದರೆ ಸೈಟಿನ ಒಳಗೇ ದುಡ್ಡು ಕಟ್ಟಿ, ವಾಪಸ್ ಕೊಡಲು ಎಷ್ಟು ದಿನ ಇದೆ ನೋಡಿಕೊಳ್ಳಿ, ಪ್ಯಾಕ್ ಬಿಚ್ಚೋದರಿಂದ ಹಿಡಿದು ವಿಡಿಯೊ ಮಾಡಿ.

ಜನ ಮರೆಯೋದು ಫೋನಿನ ವಯಸ್ಸನ್ನು. ಪಿಕ್ಸೆಲ್ 8ಕ್ಕೆ, ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಅಪ್‌ಡೇಟ್ ಅಂತ ಹೇಳಿದ್ದಾರೆ ನಿಜ. ಆದರೆ ಆ ಲೆಕ್ಕ ಮಾಡೆಲ್ ಮಾರುಕಟ್ಟೆಗೆ ಬಂದಾಗಿನಿಂದ ಶುರು, ನೀವು ತಗೊಂಡ ದಿನದಿಂದ ಅಲ್ಲ. ತುಂಬಾ ಮಾಡೆಲ್‌ಗಳಿಗೆ ಅಷ್ಟೂ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವ ತಿಂಗಳದ್ದು ನೋಡಿ. ವರ್ಷದ ಹಿಂದೆಯೇ ನಿಂತಿದ್ದರೆ ನಾನಂತೂ ತಗೊಳ್ಳುವುದಿಲ್ಲ. ಅದೇ ಫೋನಿನಲ್ಲಿ ತಾನೇ ಬ್ಯಾಂಕ್ ಆ್ಯಪ್ ಓಡಬೇಕಾದ್ದು?

ಬ್ಯಾಟರಿಗೆ ಅಷ್ಟು ಹೆದರಬೇಡಿ, ಹಾಕಿಸಬಹುದು. ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ ಶೇಕಡಾ 80ಕ್ಕಿಂತ ಕಡಿಮೆ ಇದ್ದರೆ ಅಷ್ಟು ದುಡ್ಡು ಇಳಿಸಿ ಕೇಳಿ. ಸ್ಕ್ರೀನ್ ಹಾಗಲ್ಲ, ದುಬಾರಿ. ಪೂರ್ತಿ ಬಿಳಿ ಚಿತ್ರ ತೆರೆದು, ಬ್ರೈಟ್‌ನೆಸ್ ಏರಿಸಿ. ಕೀಬೋರ್ಡಿನ ಮಬ್ಬು ನೆರಳು ಕೆಳಗೆ ಅಂಟಿಕೊಂಡಂತೆ ಕಂಡರೆ ಅದು ಹೋಗುವ ಕಲೆ ಅಲ್ಲ. ಸಿಮ್ ಟ್ರೇ ಹೊರಗೆಳೆದು ಆ ಸಂದಿಗೆ ಟಾರ್ಚ್ ಬಿಡಿ. ಎಷ್ಟೋ ಫೋನ್‌ಗಳಲ್ಲಿ ಅಲ್ಲೊಂದು ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ. ಕೆಂಪಾಗಿದ್ದರೆ ಒಳಗೆ ನೀರು ಹೋಗಿದೆ.

ಇವತ್ತೇ ಅವರಿಗೆ ಒಂದು ಮೆಸೇಜ್ ಹಾಕಿ: "ನನ್ನ ಮುಂದೆ ಅಕೌಂಟ್ ತೆಗೆದು, ರೀಸೆಟ್ ಮಾಡಿ ಕೊಡ್ತೀರಾ?" ಅವರು ಏನಂದರು, ಮಾಡೆಲ್ ಯಾವುದು ಅಂತ ತಿಳಿಸಿ. ಅಪ್‌ಡೇಟ್ ಎಲ್ಲಿವರೆಗೆ ಸಿಗಬಹುದು ಅಂತ ನಾನೂ ನೋಡುತ್ತೇನೆ.