ಕಣ್ಣು ಮುಚ್ಚಿದರೆ ಅಮ್ಮ ಓಲಾಡುವುದೇಕೆ?

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹಗಲಿನಲ್ಲಿ ಯಾರ ಆಸರೆಯೂ ಇಲ್ಲದೆ ಓಡಾಡುವ ಅವರು, ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಓಲಾಡಿ ಗೋಡೆ ಹಿಡಿಯುತ್ತಾರೆ. ತಲೆ ಸುತ್ತುವುದಿಲ್ಲ ಎನ್ನುತ್ತಾರೆ. ಇದು ಕಣ್ಣಿನ ದೋಷವೇ, ಕಾಲಿನ ನಿಶ್ಶಕ್ತಿಯೇ?
– ಓದುಗರೊಬ್ಬರು, ಹಾಸನ

ಉತ್ತರ: ಕಣ್ಣು ಮುಚ್ಚಿದಾಗ ಮಾತ್ರ ಓಲಾಡುತ್ತಾರೆ ಎಂದು ನೀವು ಗಮನಿಸಿರುವುದು ವೈದ್ಯರಿಗೆ ಬಹಳ ಉಪಯುಕ್ತವಾದ ಸಂಗತಿ. ತೊಂದರೆ ಬಹುಶಃ ಕಣ್ಣಿನಲ್ಲೂ ಇಲ್ಲ, ಸ್ನಾಯುಗಳ ಬಲದಲ್ಲೂ ಇಲ್ಲ. ಪಾದದಿಂದ ಮಿದುಳಿಗೆ ಹೋಗಬೇಕಾದ ಸುದ್ದಿ ಸರಿಯಾಗಿ ಹೋಗುತ್ತಿಲ್ಲ.

ಅಲುಗಾಡದೆ ನಿಂತಿದ್ದೇವೆ ಎಂದುಕೊಂಡಾಗಲೂ ನಮ್ಮ ದೇಹ ಸಣ್ಣಗೆ ತೂಗುತ್ತಲೇ ಇರುತ್ತದೆ. ದೇಹದ ಭಾರ ಪಾದದ ಕೀಲಿಗಿಂತ ತುಸು ಮುಂದೆ ಬೀಳುವುದರಿಂದ ಮೀನಖಂಡದ ಸ್ನಾಯುಗಳು ನಮ್ಮನ್ನು ಸದಾ ಹಿಂದಕ್ಕೆ ಎಳೆದು ಹಿಡಿದಿರುತ್ತವೆ. ಬರಿಗಾಲಿನಲ್ಲಿ ಒಂಟಿಗಾಲ ಮೇಲೆ ನಿಂತು ಪಾದವನ್ನು ನೋಡಿಕೊಂಡರೆ, ಮುಂಗಾಲಿನ ಸ್ನಾಯುರಜ್ಜುಗಳು ಕ್ಷಣಕ್ಷಣವೂ ಬಿಗಿದು ಸಡಿಲಾಗುವುದು ಕಾಣುತ್ತದೆ. ಯಾವ ಸ್ನಾಯು ಎಷ್ಟು ಬಿಗಿಯಬೇಕೆಂಬ ಲೆಕ್ಕಕ್ಕೆ ಕಣ್ಣು, ಒಳಕಿವಿಯ ಸಮತೋಲನದ ಅಂಗ, ಹಾಗೂ ಪಾದದ ಚರ್ಮ, ಸ್ನಾಯು, ಕೀಲುಗಳು ಕಳಿಸುವ ಸುದ್ದಿಯನ್ನು ಮಿದುಳಕಾಂಡವೂ ಕಿರುಮಿದುಳೂ ಒಟ್ಟುಗೂಡಿಸುತ್ತವೆ. ಜಾರಿದಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲೇ, ನಮ್ಮ ಅರಿವಿಗೆ ಬರುವ ಮೊದಲೇ, ಕಾಲಿನ ಸ್ನಾಯುಗಳು ಬಿಗಿದಿರುತ್ತವೆ. ನನಗೆ ಇದಕ್ಕಿಂತಲೂ ಅಚ್ಚರಿಯೆನಿಸುವುದು ನರಮಂಡಲದ ಮುಂಜಾಗ್ರತೆ: ನಿಂತುಕೊಂಡು ಚೊಂಬು ಎತ್ತುವಾಗ ತೋಳಿಗಿಂತ ಮೊದಲು ಕಾಲು ಮತ್ತು ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ, ಇಲ್ಲವಾದರೆ ಕೈ ಚಾಚಿದ ಕಡೆಗೇ ದೇಹವೂ ವಾಲುತ್ತಿತ್ತು.

ಪಾದದ ಸುದ್ದಿ ಕ್ಷೀಣಿಸಿದರೂ ಕಣ್ಣು ಆ ಕೊರತೆಯನ್ನು ವರ್ಷಗಟ್ಟಲೆ ತುಂಬಿಕೊಡಬಲ್ಲದು. ಕಣ್ಣು ಮುಚ್ಚಿದಾಗಲೇ ಕೊರತೆ ಬಯಲಾಗುವುದು. ಬರ್ಲಿನ್ನಿನ ವೈದ್ಯ ಮೋರಿಟ್ಸ್ ರೋಂಬರ್ಗ್ 1840ರ ದಶಕದಲ್ಲಿ ಬೆನ್ನುಹುರಿಯ ಕಾಯಿಲೆಯವರಲ್ಲಿ ಇದನ್ನೇ ವಿವರಿಸಿದರು. ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು.

ನಿಮ್ಮ ತಾಯಿಯವರಲ್ಲಿ ಎರಡು ಕಾರಣಗಳನ್ನು ಶಂಕಿಸಬೇಕು. ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಅತಿ ಉದ್ದದ ನರಗಳನ್ನು, ಅಂದರೆ ಪಾದದ ನರಗಳನ್ನು, ಮೊದಲು ಕೆಡಿಸುತ್ತದೆ. ಮೆಟ್‌ಫಾರ್ಮಿನ್ ಅನ್ನು ದೀರ್ಘಕಾಲ ಸೇವಿಸಿದವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು; ಸಸ್ಯಾಹಾರಿಗಳಲ್ಲಿ ಆ ಸಂಭವ ಇನ್ನೂ ಹೆಚ್ಚು. ಬಿ12 ಕೊರತೆಯಾದರೆ, ಪಾದದ ಸುದ್ದಿಯನ್ನು ಮೇಲಕ್ಕೆ ಒಯ್ಯುವ ಬೆನ್ನುಹುರಿಯ ಹಿಂಭಾಗದ ನರತಂತುಗಳಿಗೇ ಪೆಟ್ಟು ಬೀಳುತ್ತದೆ. ಬೇಗ ಗೊತ್ತಾದರೆ ಇದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ತಡವಾದರೆ ಹಾನಿ ಶಾಶ್ವತವಾಗಿ ಉಳಿಯಬಹುದು. ಆದ್ದರಿಂದ ದಯವಿಟ್ಟು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಬೇಡಿ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಈ ವಾರವೇ ವೈದ್ಯರಲ್ಲಿಗೆ ಕರೆದೊಯ್ದು ಬಿ12 ರಕ್ತಪರೀಕ್ಷೆಯ ಬಗ್ಗೆಯೂ ಪಾದದ ಸ್ಪರ್ಶಜ್ಞಾನದ ಪರೀಕ್ಷೆಯ ಬಗ್ಗೆಯೂ ಕೇಳಿ. ಅಲ್ಲಿಯವರೆಗೆ ಅವರು ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಲಿ; ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪ ಉರಿಯುತ್ತಿರಲಿ.