ಹಗುರ ತೂಕದಿಂದ ಮೈ ಬೆಳೆಯುತ್ತಾ?

ಪ್ರಶ್ನೆ: ಸರ್, ನನಗೆ 27 ವರ್ಷ. ಎಂಟು ತಿಂಗಳಿಂದ ಮನೆಯಲ್ಲೇ ವ್ಯಾಯಾಮ ಮಾಡುತ್ತಿದ್ದೇನೆ. ಇರುವುದು ಒಂದು ಜೊತೆ ಚಿಕ್ಕ ಡಂಬೆಲ್, ಎರಡು ರಬ್ಬರ್ ಬ್ಯಾಂಡ್, ಅಷ್ಟೇ. ಜಿಮ್‌ಗೆ ಹೋಗುವ ಗೆಳೆಯ, ‘ಇದರಿಂದ ಬರೀ ಬೆವರು ಬರುತ್ತೆ, ಮೈ ಬೆಳೀಬೇಕು ಅಂದ್ರೆ ಭಾರ ಎತ್ತಲೇಬೇಕು’ ಅನ್ನುತ್ತಾನೆ. ಎಂಟು ತಿಂಗಳು ಸುಮ್ನೆ ಹಾಳು ಮಾಡಿಕೊಂಡೆನಾ?

ಉತ್ತರ: ಇಲ್ಲ, ಹಾಳಾಗಿಲ್ಲ. ನಿಮ್ಮ ಗೆಳೆಯ ಎರಡು ಬೇರೆ ವಿಷಯಗಳನ್ನು ಒಂದು ಮಾಡಿ ಹೇಳುತ್ತಿದ್ದಾರೆ. ಶಕ್ತಿ ಬೇರೆ, ಗಾತ್ರ ಬೇರೆ. ಒಂದೇ ಪಟ್ಟಿಗೆ ದೊಡ್ಡ ಭಾರ ಎತ್ತುವ ಶಕ್ತಿ ಬೇಕಿದ್ದರೆ ದೊಡ್ಡ ಭಾರ ಎತ್ತಿಯೇ ಅಭ್ಯಾಸ ಮಾಡಬೇಕು. ಸ್ನಾಯುವಿನ ಗಾತ್ರಕ್ಕೆ ಆ ಕಟ್ಟುಪಾಡಿಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸ್ಟುವರ್ಟ್ ಫಿಲಿಪ್ಸ್ ಮತ್ತವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೊದಲೇ ಅಭ್ಯಾಸವಿದ್ದ 49 ಯುವಕರಲ್ಲಿ ಒಂದು ಗುಂಪು ಹಗುರ ತೂಕ ಹಿಡಿದು ಸೆಟ್ಟಿಗೆ, ಅಂದರೆ ನಡುವೆ ನಿಲ್ಲದೆ ಮಾಡುವ ಒಂದು ಸರದಿಗೆ, 20ರಿಂದ 25 ಸಲ ಎತ್ತಿತು, ಇನ್ನೊಂದು ಭಾರ ಹಿಡಿದು 8ರಿಂದ 12 ಸಲ. ಇಬ್ಬರೂ ‘ಇನ್ನೊಂದು ಸಲ ಆಗಲ್ಲ’ ಅನ್ನುವವರೆಗೆ ಎತ್ತಿದರು. 12 ವಾರ ಆದ ಮೇಲೆ ನೋಡಿದರೆ ಸ್ನಾಯು ಬೆಳೆದದ್ದು ಹೆಚ್ಚುಕಡಿಮೆ ಒಂದೇ ಅಳತೆ.

‘ಆಗಲ್ಲ ಅನ್ನುವವರೆಗೆ’ ಅನ್ನುವುದನ್ನು ದಯವಿಟ್ಟು ಗಮನಿಸಿ, ಮನೆಯಲ್ಲಿ ಮಾಡುವವರು ಎಡವುವುದು ಇಲ್ಲೇ. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಹಗುರ ತೂಕಕ್ಕೆ ಮೊದಲು ಚಿಕ್ಕ ಎಳೆಗಳೇ ಸಾಕು, ಅವು ದಣಿಯುತ್ತಾ ಬಂದ ಹಾಗೆ ದೊಡ್ಡ ಎಳೆಗಳಿಗೆ ಕರೆ ಹೋಗುತ್ತದೆ, ಜಾಸ್ತಿ ದಪ್ಪವಾಗುವ ಗುಣ ಇರುವುದು ಆ ದೊಡ್ಡ ಎಳೆಗಳಿಗೆ. 30 ಸಲ ಆಗುವ ಕಡೆ 15ಕ್ಕೆ ನಿಲ್ಲಿಸಿದರೆ ಅವುಗಳಿಗೆ ಕರೆಯೇ ಹೋಗಿರುವುದಿಲ್ಲ.

ಎಲ್ಲಿಯವರೆಗೆ ಹೋಗಬೇಕು ಅಂತ ಗೊತ್ತಾಗುವುದು ಹೇಗೆ? ಬ್ಯಾಂಡಿನ ಮೇಲೆ ಕಾಲಿಟ್ಟು ಮೊಣಕೈ ಮಡಚಿ ಎಳೆಯುತ್ತಾ ಹೋಗಿ. ಮೊದಲ ಹದಿನೈದು ಒಂದೇ ವೇಗದಲ್ಲಿ ಬರುತ್ತವೆ. ಆಮೇಲೆ ತೋಳಿನಲ್ಲಿ ಉರಿ ಶುರುವಾಗುತ್ತದೆ, ಆದರೆ ಉರಿ ಬಂದ ಮಾತ್ರಕ್ಕೆ ನಿಲ್ಲಿಸಬೇಡಿ. ಇನ್ನೂ ಸ್ವಲ್ಪ ಮುಂದೆ, ನೀವು ಬೇಗ ಎಳೆಯಬೇಕು ಅಂದುಕೊಂಡರೂ ಕೈ ಮಾತು ಕೇಳದೆ ನಿಧಾನವಾಗುತ್ತದೆ, ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದು ಮೇಲೆ ಬರುತ್ತದೆ. ನೀವು ಬೇಕಂತ ಮಾಡದೆ ತಾನಾಗಿ ಬಂದ ಈ ನಿಧಾನವೇ ಗುರುತು. ಅಲ್ಲಿಂದ ಇನ್ನೆರಡು ಸಲ ಸರಿಯಾದ ಭಂಗಿಯಲ್ಲಿ ಎಳೆದರೆ ಆ ಸೆಟ್ ಲೆಕ್ಕಕ್ಕೆ ಬಂತು. ಪ್ರತಿ ಸಲವೂ ಪೂರ್ತಿ ಸೋತು ಕೈ ಬಿಡುವ ತನಕ ಹೋಗಬೇಕಿಲ್ಲ.

ಒಂದು ಮಿತಿ ಇದೆ. ತೀರಾ ಹಗುರ, ಅಂದರೆ ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ ಐದನೇ ಒಂದು ಭಾಗದಷ್ಟಾದರೆ ಬೆಳವಣಿಗೆ ಕಡಿಮೆ. 40 ಸಲ ಎತ್ತಿದರೂ ಕೈ ನಿಧಾನವಾಗದಿದ್ದರೆ ಗಟ್ಟಿ ಬ್ಯಾಂಡ್ ತಗೊಳ್ಳುವ ಕಾಲ ಬಂದಿದೆ.

ಪ್ರಶ್ನೆ: ತೋಳಿನ ಹಿಂಭಾಗಕ್ಕೆ ಕೈ ಕೆಳಗಿಟ್ಟು ಮಾಡುವ ವ್ಯಾಯಾಮ ಒಳ್ಳೆಯದಾ, ತಲೆ ಮೇಲೆ ಕೈ ಎತ್ತಿ ಮಾಡುವುದಾ? ಕೇಳಿದವರೆಲ್ಲ ‘ಯಾವುದಾದ್ರೂ ಒಂದೇ’ ಅನ್ನುತ್ತಾರೆ.

ಉತ್ತರ: ಒಂದೇ ಅಲ್ಲ. ಮೆಷಿನ್ನಾ ಡಂಬೆಲ್ಲಾ ಅನ್ನುವ ಜಗಳದಲ್ಲಿ ಗಾತ್ರದ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಸ್ನಾಯು ಎಷ್ಟು ಹಿಗ್ಗಿದ ಸ್ಥಿತಿಯಲ್ಲಿ ಭಾರ ಹೊರುತ್ತದೆ ಅನ್ನುವುದರಲ್ಲಿ ಇದೆ. ಕೈ ತಲೆ ಮೇಲೆತ್ತಿದಾಗ ತೋಳಿನ ಹಿಂಭಾಗದ ಸ್ನಾಯು, ಅಂದರೆ ಟ್ರೈಸೆಪ್ಸ್, ಹೆಚ್ಚು ಹಿಗ್ಗಿರುತ್ತದೆ. ಜಪಾನಿನ ಸಂಶೋಧಕರು 21 ಜನರಿಂದ ಒಂದು ಕೈಯನ್ನು ತಲೆ ಮೇಲೆತ್ತಿ, ಇನ್ನೊಂದನ್ನು ಪಕ್ಕದಲ್ಲಿ ಕೆಳಗಿಟ್ಟು ಟ್ರೈಸೆಪ್ಸ್ ವ್ಯಾಯಾಮ ಮಾಡಿಸಿದರು. ಒಬ್ಬರದ್ದೇ ಎರಡು ಕೈ, ಹಾಗಾಗಿ ಊಟ, ನಿದ್ದೆ, ಹುಟ್ಟುಗುಣ ಎಲ್ಲ ಎರಡಕ್ಕೂ ಸಮ, ಅಲ್ವಾ? 12 ವಾರದಲ್ಲಿ ಮೇಲೆತ್ತಿದ ಕೈಯ ಟ್ರೈಸೆಪ್ಸ್ ಸುಮಾರು ಶೇ 20ರಷ್ಟು ಬೆಳೆಯಿತು, ಇನ್ನೊಂದು ಶೇ 14ರಷ್ಟು. ಅದೂ ಮೇಲೆತ್ತಿದ ಕೈ ಹಿಡಿದ ತೂಕ ಕಡಿಮೆಯೇ ಇತ್ತು. ಭುಜ ನೋಯದಿದ್ದರೆ ನಾನು ಕಣ್ಣುಮುಚ್ಚಿ ತಲೆ ಮೇಲಿನದನ್ನೇ ಆರಿಸುತ್ತೇನೆ.

ಪ್ರಶ್ನೆ: ಸೆಟ್‌ಗಳ ನಡುವೆ 30 ಸೆಕೆಂಡ್ ಮಾತ್ರ ನಿಲ್ಲುತ್ತೇನೆ. ಸರಿನಾ?

ಉತ್ತರ: ಸಮಯ ಉಳಿಯುತ್ತದೆ, ಬೆಳವಣಿಗೆಗೆ ಒಳ್ಳೆಯದಲ್ಲ. ಉಸಿರು ತಿರುಗುವ ಮೊದಲೇ ಸ್ಕ್ವಾಟ್‌ಗೆ ಇಳಿದರೆ ಮೊದಲು 12 ಆಗಿದ್ದದ್ದು 7ಕ್ಕೆ ಬೀಳುತ್ತದೆ, ತೊಡೆ ದಣಿಯುವ ಮೊದಲು ನೀವೇ ಏದುಸಿರು ಬಿಟ್ಟು ನಿಲ್ಲುತ್ತೀರಿ. ದೊಡ್ಡ ವ್ಯಾಯಾಮಗಳಿಗೆ ಎರಡು ಮೂರು ನಿಮಿಷ ಕೊಡಿ.

ಪ್ರಶ್ನೆ: ಸರ್, ನಮ್ಮ ಅಮ್ಮನಿಗೆ 66 ವರ್ಷ. ಕಾಲಲ್ಲಿ ಬಲ ಇಲ್ಲ ಅನ್ನುತ್ತಾರೆ. ವಾಕಿಂಗ್ ಮಾಡುತ್ತಾರೆ. ಈ ವಯಸ್ಸಲ್ಲಿ ಸ್ನಾಯು ಬೆಳೆಯುತ್ತಾ?

ಉತ್ತರ: ಬೆಳೆಯುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಜಕ್ಕೂ ಖುಷಿಯಾಯಿತು, ಯಾಕೆಂದರೆ ಇದರಿಂದ ಅತಿ ಹೆಚ್ಚು ಲಾಭ ಆಗುವುದು ಅವರಂಥವರಿಗೇ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ಹಿರಿಯರು ಎಂಟು ವಾರ ತೊಡೆಯ ವ್ಯಾಯಾಮ ಮಾಡಿದರು. ಕೊನೆಯವರೆಗೆ ಉಳಿದ 9 ಜನರ ಶಕ್ತಿ ಸರಾಸರಿ ಶೇ 174 ಹೆಚ್ಚಿತು, ತೊಡೆಯ ಸ್ನಾಯು ಶೇ 9ರಷ್ಟು. ವಾಕಿಂಗ್ ಬಿಡಿಸಬೇಡಿ, ಆದರೆ ಕಾಲಿಗೆ ಬಲ ಬರಲು ಅದೊಂದೇ ಸಾಲದು.

ರಕ್ತದೊತ್ತಡ, ಹೃದಯ, ಮಂಡಿಯ ತೊಂದರೆ ಇದ್ದರೆ ಮೊದಲು ಡಾಕ್ಟರ್‌ಗೆ ತೋರಿಸಿ. ಆಮೇಲೆ ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು, ಮೂರು ಎಣಿಸುತ್ತಾ ನಿಧಾನವಾಗಿ ಕೂರಲಿ, ದೊಪ್ಪನೆ ಕೂರುವುದು ಬೇಡ. ಮೊದಲ ವಾರಗಳಲ್ಲಿ ನೀವು ಪಕ್ಕದಲ್ಲೇ ನಿಂತಿರಿ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಮೂರು ಸೆಟ್ ಸಾಕು. 15 ಸಲ ಸುಲಭವಾದಾಗ ಕೈಯಲ್ಲಿ ಒಂದು ಚಿಕ್ಕ ತೂಕ ಕೊಡಿ.